ಶಿಲ್ಕು

"ಮೂರು ಪದ ಹೇಳ್ತೀನಿ ಯಜಮಾನ್ರೇ, ನೆನಪಿಟ್ಕೊಳ್ಳಿ. ಆಮೇಲೆ ಕೇಳ್ತೀನಿ" ಎಂದರು ಡಾಕ್ಟರು. ಕುರ್ಚಿ, ಬಾಳೆಹಣ್ಣು, ರೂಪಾಯಿ. ಅಪ್ಪ ತಲೆಯಾಡಿಸಿದ. ಐದು ನಿಮಿಷ ಬಿಟ್ಟು ಕೇಳಿದರೆ, ಅವರ ಮುಖವನ್ನು ಅನುಮಾನದಿಂದ ನೋಡಿ, "ಯಾವಾಗ ಕೊಟ್ಟಿದ್ರಿ? ಚೀಟಿ ಬರೆಸಿಕೊಂಡೀರೇನು?" ಎಂದ.

ಚೀಟಿ ಇರಲಿಲ್ಲ. ಡಾಕ್ಟರು ಸೊನ್ನೆ ಹಾಕಿದರು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದವನು ಅಪ್ಪ. ಬಾಯಿಮಾತಿನ ಮೇಲೆ ಯಾವುದನ್ನೂ ಜಮಾ ಹಿಡಿದವನಲ್ಲ. ನಾನಾಗಿದ್ದರೆ ಆ ಉತ್ತರಕ್ಕೆ ಅರ್ಧ ಮಾರ್ಕಾದರೂ ಕೊಡುತ್ತಿದ್ದೆ.

ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು. 93, 86, 79, 72, 65. ಅಲ್ಲಿಗೆ ಸಾಕು ಎಂದರೂ ಅಪ್ಪ ನಿಲ್ಲಲಿಲ್ಲ. ಅರ್ಧಕ್ಕೆ ಬಿಟ್ಟ ಲೆಕ್ಕ ಅವನಿಗೆ ಅರ್ಧ ಹಾಕಿದ ಅಂಗಿಯಿದ್ದಂತೆ. ಕೊನೆಗೆ ಒಂಬತ್ತಕ್ಕೆ ಬಂದು, ಅದರಲ್ಲೂ ಏಳು ತೆಗೆದು, "ಎರಡು ಶಿಲ್ಕು" ಎಂದು ಮುಗಿಸಿದ. ಡಾಕ್ಟರಿಗೆ ಶಿಲ್ಕು ಎಂದರೆ ಗೊತ್ತಿರಲಿಲ್ಲ. ಜಮಾ ಖರ್ಚು ಎಲ್ಲ ಕಳೆದು ದಿನದ ಕೊನೆಗೆ ಪೆಟ್ಟಿಗೆಯಲ್ಲಿ ಉಳಿಯುವ ಹಣ ಸಾರ್, ಎಂದು ನಾನು ತಿಳಿಸಿದೆ.

"ಇದು ಯಾವ ರಾಜ್ಯ?"

"ಮದ್ರಾಸು."

ಮತ್ತೆ ಸೊನ್ನೆ. ಇದಕ್ಕೆ ಮಾತ್ರ ನನ್ನ ತಕರಾರಿದೆ. ಅಪ್ಪ ಹುಟ್ಟಿದ್ದು 1947ರಲ್ಲಿ, ಆಗ ಬಳ್ಳಾರಿ ಜಿಲ್ಲೆ ಮದ್ರಾಸಿನದೇ. 1953ರ ಅಕ್ಟೋಬರ್ 1ಕ್ಕೆ ನಾವು ಮೈಸೂರಿಗೆ ಬಂದೆವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. ಹೊಸ್ತಿಲು ದಾಟದೆಯೇ ಅಪ್ಪನಿಗೆ ರಾಜ್ಯದ ಹೆಸರು ಎರಡು ಸಲ ಬದಲಾಯಿತು. 2014ರ ನವೆಂಬರ್ 1ರಂದು ಇಂಗ್ಲಿಷಿನ ಬೆಲ್ಲಾರಿ ಹೋಗಿ ಅಲ್ಲೂ ಬಳ್ಳಾರಿಯೇ ಆಯಿತು. ರಾಯಲ್ ಸರ್ಕಲ್ಲಿಗೆ ಗಡಿಗಿ ಚೆನ್ನಪ್ಪನವರ ಹೆಸರಿಟ್ಟರು. ಆಟೋದವರು ಇನ್ನೂ ರಾಯಲ್ ಸರ್ಕಲ್ ಎಂದೇ ಕೂಗುತ್ತಾರೆ. 2021ರಲ್ಲಿ ಹೊಸಪೇಟೆ ಕಡೆಯದನ್ನೆಲ್ಲ ಕೊಯ್ದು ವಿಜಯನಗರ ಜಿಲ್ಲೆ ಮಾಡಿದರು. ಇಷ್ಟೆಲ್ಲ ಅದಲುಬದಲನ್ನು ಸರ್ಕಾರ ಮಾಡಿದರೆ ಆಡಳಿತ, ಅಪ್ಪ ಮಾಡಿದರೆ ಕಾಯಿಲೆ!

ಕೊನೆಯ ಪ್ರಶ್ನೆ, ಈಗ ಯಾವ ಕಾಲ? ಅದು ಡಿಸೆಂಬರ್ ತಿಂಗಳು. ಅಪ್ಪ ಧೈರ್ಯವಾಗಿ "ಬ್ಯಾಸಿಗಿ" ಎಂದ. ಡಾಕ್ಟರು ಕರ್ಚೀಫಿನಿಂದ ಕತ್ತು ಒರೆಸಿಕೊಂಡು, ಸ್ವಲ್ಪ ಯೋಚಿಸಿ, ಒಂದು ಮಾರ್ಕು ಕೊಟ್ಟರು. ಅವರೂ ಬಳ್ಳಾರಿಯವರೇ.

ಡಿಮೆನ್ಶಿಯಾ, ಈಗಷ್ಟೇ ಶುರು, ಎಂದರು. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. 'ಸುಮಾರು' ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ. ನಮ್ಮ ಓಣಿಯವರು ಅಷ್ಟು ದೂರ ಹೋಗದೆ "ಅರವತ್ತಕ್ಕೆ ಅರಳುಮರಳು" ಎಂದು ಮುಗಿಸಿದರು. ಆ ಮಾತನ್ನೇ ಬೇಂದ್ರೆಯವರು ಕವನ ಸಂಕಲನಕ್ಕೆ ಹೆಸರಿಟ್ಟು 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡರು. ನಮ್ಮಪ್ಪನಿಗೆ ಸಿಕ್ಕಿದ್ದು ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ.

ದಿನಾ ಏನು ಮರೀತಾರೆ ಬರೆದಿಡಿ ಎಂದು ಡಾಕ್ಟರು ಹೇಳಿದ್ದರು. ಉದ್ದನೆಯ ಲೆಕ್ಕದ ಪುಸ್ತಕ ತಂದೆ. ಎಡಕ್ಕೆ ಜಮಾ, ನೆನಪಿದ್ದದ್ದು. ಬಲಕ್ಕೆ ಖರ್ಚು, ಮರೆತದ್ದು. ಮೊದಲ ದಿನವೇ ಎಡಗಡೆ ಪುಟ ತುಂಬಿಹೋಯಿತು. ಯಾವ ವರ್ಷ ಯಾವ ಹಮಾಲನಿಗೆ ಚೀಲಕ್ಕೆಷ್ಟು ಕೂಲಿ, ಎಪ್ಪತ್ತೈದು ಕಿಲೋ ನೆಲ್ಲಿನ ಚೀಲಕ್ಕೆ ಎಷ್ಟು ಅಕ್ಕಿ, ಎಷ್ಟು ನುಚ್ಚು, ಎಷ್ಟು ತೌಡು, ಒಂದೂ ಬಿಡದೆ ಹೇಳಿದ. ಬಲಗಡೆ ಬರೆದದ್ದು ಒಂದೇ ಸಾಲು: 'ಮಧ್ಯಾಹ್ನ ಉಂಡದ್ದು.' ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಸವೆದಾಗ ಹೊಸ ನೆನಪು ನಾಟುವುದಿಲ್ಲ, ಹಳೆಯದು ಬಹುಕಾಲ ಉಳಿಯುತ್ತದಂತೆ. ಗುಮಾಸ್ತರ ಭಾಷೆಯಲ್ಲಿ ಹೇಳುವುದಾದರೆ ಇವತ್ತಿನ ಕೀರ್ದಿ ಖತಾವಣಿಗೆ ಏರುತ್ತಿಲ್ಲ, ಹಳೆಯ ಖತಾವಣಿ ಭದ್ರವಾಗಿದೆ.

ಒಂದು ದಿನ ನಾನು ಕೋಣೆಗೆ ಹೋದಾಗ ಅಪ್ಪ ಧಡಕ್ಕನೆ ಎದ್ದು ನಿಂತ. "ಬರ್ರಿ ಸಾವ್ಕಾರ್ರ, ಕುಂದರ್ರಿ." ಹುಟ್ಟಿದಾಗಿನಿಂದ 'ಲೇ' ಅನ್ನಿಸಿಕೊಂಡವನಿಗೆ ಬಹುವಚನ ತಡೆದುಕೊಳ್ಳುವುದು ಕಷ್ಟ. ಕುಳಿತೆ. ಅಪ್ಪ ಕೈ ಕಟ್ಟಿಕೊಂಡು, "ಹುಡುಗನ ಫೀಸು ಕಟ್ಟಬೇಕಾಗೈತ್ರಿ. ಐನೂರು ಅಡ್ವಾನ್ಸ್ ಕೊಟ್ರ ಮುಂದಿನ ತಿಂಗಳ ಪಗಾರದಾಗ ಮುರಕೊಳ್ರಿ" ಎಂದ.

ಆ ಹುಡುಗ ನಾನೇ. ನನ್ನ ಫೀಸಿಗಾಗಿ ಅಪ್ಪ ಯಾರ ಮುಂದೆ ಹೀಗೆ ಕೈ ಕಟ್ಟಿ ನಿಂತಿದ್ದನೆಂದು ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ಜೇಬಿನಿಂದ ಐನೂರರ ನೋಟು ತೆಗೆದುಕೊಟ್ಟೆ. ಸಂಜೆ ಊಟಕ್ಕೆ ಕುಂತಾಗ ನಾನು ಮತ್ತೆ ಮಗನಾಗಿದ್ದೆ. ಅಂಗಿ ಕಿಸೆಯಿಂದ ಅದೇ ನೋಟು ತೆಗೆದು, "ತಗಾ, ನಾಳೆ ಫೀಸು ಕಟ್ಟು. ಸಿನಿಮಾಕ್ಕ ಗಿನಿಮಾಕ್ಕ ಹೋದಿ ಅಂದ್ರ ಕಾಲು ಮುರೀತೀನಿ" ಎಂದ. ಎಂಟು ತಿಂಗಳಿಂದ ಆ ಒಂದೇ ನೋಟು ನಮ್ಮಿಬ್ಬರ ನಡುವೆ ಓಡಾಡುತ್ತಿದೆ. ಹಳೆಯ ಪಂಚೆಯ ಅಂಚಿನಂತೆ ಮೆತ್ತಗಾಗಿದೆ.

ಅವ್ವನ ಫಜೀತಿ ಬೇರೆಯೇ. ಒಂದು ಸಂಜೆ ಅಪ್ಪ ಅವಳನ್ನು "ಯಾವೂರವ್ವಾ ನಿಮ್ಮದು?" ಎಂದು ಕೇಳಿದ.

"ಕುರುಗೋಡು."

"ಹೌದಾ! ನಮ್ಮ ಹೆಂಡತಿದೂ ಕುರುಗೋಡೇ."

ಅವ್ವ ಸೆರಗು ಸರಿಮಾಡಿಕೊಂಡು, "ಹೆಂಗದಾಳ ಆಕಿ?" ಎಂದಳು.

"ಭಾಳ ಒಳ್ಳೆಯಾಕಿ. ಬಾಯಿ ಒಂದೀಟು ಜೋರು. ನೀವು ಹೇಳಬ್ಯಾಡ್ರಿ ಮತ್ತ."

ಹೊಗಳಿದ್ದಕ್ಕೆ ಹಿಗ್ಗಬೇಕೋ, ಬಾಯಿಯ ಮಾತಿಗೆ ಜಗಳ ತೆಗೆಯಬೇಕೋ ತಿಳಿಯದೆ ಅವ್ವ ಒಳಗೆ ಹೋಗಿ ಎರಡು ಕಪ್ ಚಾ ಮಾಡಿ ತಂದಳು. ಈಗ ದಿನಾ ಸಂಜೆ ಅವಳೇ ಹೋಗಿ ಎದುರಿಗೆ ಕೂರುತ್ತಾಳೆ, ಯಾವೂರು ಎಂದು ಕೇಳಲಿ ಅಂತ.

ಈ ವರ್ಷದ ಹೋಳಿ ಹುಣ್ಣಿಮೆಗೆ ಅಪ್ಪನನ್ನು ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಕರೆದೊಯ್ದೆವು. ಜನ ನುಗ್ಗುವ ಮೊದಲೇ, ಬೆಳಿಗ್ಗೆ ಗುಡಿಗೆ ಹೋದೆವು. ಒಂದೇ ಕಲ್ಲಿನ ಆ ಬಸವನ ಮುಂದೆ ಯಾರು ನಿಂತರೂ ಹುಡುಗರಾಗುತ್ತಾರೆ. ಅಪ್ಪ ಬಹಳ ಹೊತ್ತು ಕತ್ತೆತ್ತಿ ನೋಡಿದ. "ನೀ ಒಬ್ಬ ಹಂಗೇ ಅದೀ ನೋಡು" ಎಂದ ಬಸವನಿಗೆ. ಆಮೇಲೆ ಅವ್ವನ ಕಡೆ ತಿರುಗಿ, "ನಮ್ಮಾಕಿನ್ನ ಮೊದಲ ನೋಡಿದ್ದು ಇಲ್ಲೇ, ಇದೇ ತೇರಿನಾಗ. ಹಸರು ಸೀರಿ ಉಟ್ಟಿದ್ಳು" ಎಂದ.

ನನಗೆ ಗಂಟಲು ಕಟ್ಟಿತು. ಮದುವೆಯಾದಾಗಿನಿಂದ ಬಾಯಿಬಿಟ್ಟು ಹೇಳದಿದ್ದ ಮಾತು! ಅವ್ವನ ಮುಖ ನೋಡಿದರೆ ಅಲ್ಲಿ ಹಿಗ್ಗಿನ ಸುಳಿವೇ ಇರಲಿಲ್ಲ. ಬಳ್ಳಾರಿ ಮುಟ್ಟುವವರೆಗೂ ಅವಳು ಮಾತಾಡಲಿಲ್ಲ. ಮನೆ ಬೀಗ ತೆಗೆಯುವಾಗ ಅಂದಳು: "ನಾ ಉಟ್ಟಿದ್ದು ನೀಲಿ. ಹಸರು ನಮ್ಮಕ್ಕಂದು."

ಎಲ್ಲ ದಿನಗಳೂ ಹೀಗಿರುವುದಿಲ್ಲ. ರಾತ್ರಿ ಎರಡಕ್ಕೆ ಎದ್ದು "ಊರಿಗಿ ಹೋಗಬೇಕು" ಎಂದು ಚಪ್ಪಲಿ ಹುಡುಕುತ್ತಾನೆ. ಇದೇ ಊರು ಯಪ್ಪಾ ಎಂದರೆ ನಂಬುವುದಿಲ್ಲ. ಅವನ ಊರಲ್ಲಿ ಹೊಳೆ ಇರಬೇಕು, ಗಾಳಿಯಲ್ಲಿ ತೌಡಿನ ವಾಸನೆ ಇರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟು ಕಿತ್ತುಹೋದಾಗ ಟೀವಿ ಹಾಕಿದ್ದು ನನ್ನದೇ ತಪ್ಪು. "ನೆಲ್ಲು ನೆನೀತೈತಿ, ಚೀಲ ಎತ್ರಲೇ" ಎಂದು ಅಪ್ಪ ನಮ್ಮೆಲ್ಲರನ್ನೂ ಎಬ್ಬಿಸಿದ. ತಲೆದಿಂಬುಗಳನ್ನೆಲ್ಲ ಅಟ್ಟದ ಮೇಲೆ ಒಟ್ಟಿಸಿದ ಮೇಲೆಯೇ ಮಲಗಿದ್ದು. ನನ್ನ ಹೆಸರು ನಿಲ್ಲದ ತಲೆಯಲ್ಲಿ ಹತ್ತೊಂಬತ್ತು ನಿಂತುಬಿಟ್ಟಿತು. ದಿನಾ ಬೆಳಿಗ್ಗೆ "ಹತ್ತೊಂಬತ್ತು ಕೂಡಿಸಿದ್ರಾ?" ಎನ್ನುತ್ತಿದ್ದ. ವಾರದಲ್ಲಿ ಕನ್ನಯ್ಯ ನಾಯ್ಡು ಅವರ ತಂಡ ತಾತ್ಕಾಲಿಕ ಗೇಟು ಇಳಿಸಿತು. "ಕೂಡಿಸಿದ್ರಪ್ಪಾ" ಎಂದೆ. ಅಪ್ಪ ಕೈ ಮುಗಿದ. ಮರುದಿನವೂ ಕೇಳಿದ, ಮತ್ತೆ ಕೈ ಮುಗಿದ. ನಮಗೆಲ್ಲ ಒಂದೇ ಸಲ ಸಿಕ್ಕ ಸಮಾಧಾನ ಅವನಿಗೆ ತಿಂಗಳಿಡೀ ಹೊಸದಾಗಿ ಸಿಕ್ಕಿತು.

ಎಲ್ಲಾದರೂ ಹೋಗಿಬಿಟ್ಟರೆ ಎಂದು ಒಂದು ಪ್ರಕಟಣೆ ಬರೆದಿಟ್ಟುಕೊಳ್ಳೋಣ ಎನಿಸಿತು. ಮರೆವಿನ ತಂದೆಯಾಗಿ ಅನಂತ್‌ನಾಗ್ ಕಳೆದುಹೋಗುವ 2016ರ ಸಿನಿಮಾ ಮನಸ್ಸಿನಲ್ಲಿತ್ತು. 'ಗೋಧಿ ಬಣ್ಣ, ಸಾಧಾರಣ ಮೈಕಟ್ಟು' ಎಂದು ಓದಿದೆ. ಅವ್ವ ತಡೆದಳು. "ಸಿರುಗುಪ್ಪದ ನೆಲ್ಲು ತಿಂದು ಬೆಳದ ಮನುಷ್ಯಾಗ ಗೋಧಿ ಬಣ್ಣ ಎಲ್ಲಿಂದ ಬಂತಲೇ?" ಪ್ರಕಟಣೆ ಅಲ್ಲಿಗೇ ನಿಂತಿತು. ನನ್ನ ಫೋನ್ ನಂಬರಿನ ಚೀಟಿಯೊಂದನ್ನು ಅಪ್ಪನ ಕಿಸೆಯಲ್ಲಿಟ್ಟೆ. ಅದನ್ನು ಅವನು ಕಂಡವರಿಗೆಲ್ಲ ಕೊಟ್ಟು "ನಮ್ಮ ಮಗ, ಏನರ ಕೆಲಸ ಇದ್ರ ಹೇಳ್ರಿ, ಮಾಡಿಕೊಡ್ತಾನ" ಎಂದು ಬರುತ್ತಾನೆ. ವಾರಕ್ಕೆರಡು ಫೋನು ಬರುತ್ತವೆ.

ಮೊನ್ನೆ ಆಫೀಸಿನಿಂದ ಬಂದರೆ ಅಪ್ಪ ಕನ್ನಡಕ ಏರಿಸಿಕೊಂಡು ನನ್ನ ಲೆಕ್ಕದ ಪುಸ್ತಕ ಓದುತ್ತಿದ್ದ. ಎದೆ ಧಸಕ್ಕೆಂದಿತು. ಅವನು ಪುಟ ತಿರುವಿ ಸಣ್ಣಗೆ ನಗುತ್ತಿದ್ದ.

"ಈ ಮುದುಕ ಯಾರಲೇ? ಪಾಪ."

"ನಮ್ಮ ಪೈಕಿಯವರೇ, ಯಪ್ಪಾ."

"ನೀ ಹಿಂಗ ಬರಿಯಾಕತ್ತಿದ್ದು ಅವಗ ಗೊತ್ತೈತೇನು?"

ನಾನು ಉತ್ತರ ಹುಡುಕುತ್ತಿದ್ದೆ. "ಒಂದು ಮಾತು ಕೇಳಬೇಕಿತ್ತು" ಎಂದೆ.

"ಕೇಳಿ ಏನು ಮಾಡ್ತಿ ಬಿಡು. ಮರೀತಾನ."

ಹಾಗೆಂದು ಪೆನ್ನು ಕೇಳಿದ. ಕೀರ್ದಿಯಲ್ಲಿ ತಪ್ಪಾದರೆ ಕೆರೆದು ಅಳಿಸಬಾರದು, ಬರೆದದ್ದು ಕಾಣುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು ಸಣ್ಣ ಸಹಿ ಹಾಕಬೇಕು ಎಂದು ನನಗೆ ಹೇಳಿಕೊಟ್ಟವನು ಅವನೇ. ಹಿಂದಿನ ಸಂಜೆಯ ಪುಟದಲ್ಲಿ ನಾನು ಖರ್ಚಿನ ಕಡೆ 'ಡಾಕ್ಟರು ಬೇಡವೆಂದದ್ದನ್ನು ಮರೆತು ನಾಲ್ಕು ಮಿರ್ಚಿ ತಿಂದ' ಎಂದು ಬರೆದಿದ್ದೆ. ಅಪ್ಪ 'ನಾಲ್ಕು' ಎಂಬುದರ ಮೇಲೆ ಅಳುಕದ ಒಂದು ಗೆರೆ ಎಳೆದ. ಮೇಲೆ 'ಆರು' ಎಂದು ಬರೆದು ಸಹಿ ಹಾಕಿ ಪುಸ್ತಕ ಮುಚ್ಚಿದ.

ನಾನೇ ಪಕ್ಕದಲ್ಲಿ ನಿಂತು ಎಣಿಸಿದ್ದು, ನಾಲ್ಕೇ. ಆದರೂ ಮನಸ್ಸು ತಡೆಯಲಿಲ್ಲ. ಕತ್ತಲಾದ ಮೇಲೆ ಮಿರ್ಚಿ ಬಂಡಿಯ ಹತ್ತಿರ ಹೋಗಿ ಕೇಳಿದೆ. ಅವನು ಬಾಣಲೆಯಿಂದ ಕಣ್ಣೆತ್ತದೆ ಹೇಳಿದ:

"ನೀವು ಫೋನಿನಾಗ ಮಾತಾಡಾಕ ಆ ಕಡಿ ಹೋದ್ರಲ್ಲ ಸಾರ್, ಆಗ ತಿಂದ್ರು. ಎರಡರ ರೊಕ್ಕ ಬಾಕಿ ಐತ್ರಿ."