ಪಾಸ್‌ಬುಕ್ಕಿನ ಹೆಸರು, ಮಾರ್ಕ್ಸ್‌ಕಾರ್ಡಿನ ಹೆಸರು

ಮೊಮ್ಮಕ್ಕಳ ಕಾಲೇಜಿನ ಚಿಂತೆಯನ್ನು ನಾವು ಅಜ್ಜ-ಅಜ್ಜಿಯರು ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಶುರು ಮಾಡುತ್ತೇವೆ. ಓಣಿಗೆಲ್ಲ ಪೇಢೆ ಹಂಚಿ, ಕೈ ತೊಳೆದುಕೊಂಡು ಬಂದ ಮೇಲೆ ‘ಮುಂದೇನು?’ ಎಂದು ಕೇಳುತ್ತೇವೆ. ಮೂವತ್ತೆಂಟು ವರ್ಷ ಬ್ಯಾಂಕಿನ ಲೆಡ್ಜರ್ ಬರೆದವನ ಲೆಕ್ಕದಲ್ಲಿ ಅದು ಎರಡು ವರ್ಷ ತಡ. ಕಾಲೇಜಿನ ಮೊದಲ ಅರ್ಜಿ ತುಂಬಬೇಕಾದದ್ದು ಎಂಟನೆಯ ತರಗತಿಯಲ್ಲಿ.

ಎಂಟನೆಯವರಿಗೆ ಎನ್‌ಎಂಎಂಎಸ್ ಎಂಬ ಪರೀಕ್ಷೆ ಇದೆ. ಕೇಂದ್ರ ಸರಕಾರ 2008ರಲ್ಲಿ ಶುರು ಮಾಡಿದ್ದು. ಸರಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಪ್ರಶ್ನೆಪತ್ರಿಕೆ ಎರಡು. ಒಂದು ಬುದ್ಧಿಗೆ ಕಸರತ್ತು ಕೊಡುವಂಥದ್ದು, ಇನ್ನೊಂದು ಪಾಠದ್ದು, ತಲಾ 90 ಅಂಕ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೆಯ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ಗುಣಾಕಾರ ಮಕ್ಕಳೇ ಮಾಡಿ: ನಾಲ್ಕು ವರ್ಷಕ್ಕೆ 48,000. ಇಳಕಲ್ಲಿನಂಥ ಊರಿನಲ್ಲಿ ಮಗ್ಗದ ಮುಂದೆ ಕೂತು ಮಜೂರಿ ಎಣಿಸುವ ಮನೆಗೆ ಇದು ಸಣ್ಣ ದುಡ್ಡಲ್ಲ.

ನಮ್ಮ ಹಿಂದಿನ ಓಣಿಯಲ್ಲಿ ಅಂಥದೊಂದು ಮನೆ ಇದೆ. ಅಪ್ಪ ಸೀರೆ ನೇಯುತ್ತಾನೆ, ಅವ್ವ ನೂಲು ಸಿದ್ಧ ಮಾಡುತ್ತಾಳೆ. ಮೂವರು ಮಕ್ಕಳಲ್ಲಿ ಹಿರಿಯ ಹುಡುಗಿ ಈ ಪರೀಕ್ಷೆ ಪಾಸಾದಳು. ಶಾಲೆಯಲ್ಲಿ ಹಾರ ಹಾಕಿದರು, ಫೋಟೋ ತೆಗೆದರು. ಒಂಬತ್ತನೆಯ ತರಗತಿ ಮುಗಿಯಿತು. ಅವಳ ಪಾಸ್‌ಬುಕ್ಕಿಗೆ ಒಂದು ರೂಪಾಯಿಯೂ ಬರಲಿಲ್ಲ. ಹತ್ತನೆಯದು ಅರ್ಧ ಕಳೆದಾಗ ಅಪ್ಪ ನಮ್ಮ ಕಟ್ಟೆಗೆ ಬಂದು ಕೂತ.

‘ಈ ರೊಕ್ಕ ನಂಬಿ ಆಕಿನ್ನ ಸೈನ್ಸಿಗೆ ಹಚ್ಚಬೇಕಂತ ಮಾಡಿದ್ದೆ ಕಾಕಾರ. ಬರೂ ಹಂಗ ಕಾಣಂಗಿಲ್ರಿ. ಸಾವಕಾರ್ರ ಕಡೆ ಮೊದಲಿನ ಮುಂಗಡನ ತೀರಿಲ್ಲ. ಹತ್ತನೇತ್ತ ಮುಗಿಸಿ ಮನ್ಯಾಗ ಕಂಡಿಕಿ ಸುತ್ತಲಿ ಅಂತ ಆಕಿ ಅವ್ವ ಅಂತಾಳ್ರಿ.’

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಏನೂ ಮಾತಾಡಲಿಲ್ಲ. ಕೈಯಲ್ಲಿ ಪಾಸ್‌ಬುಕ್ಕು ಇತ್ತು.

‘ಅರ್ಜಿ ಪಾಸಾಗೇತೇನವಾ?’ ಎಂದೆ.

‘ಹೌದ್ರಿ ಅಜ್ಜಾರ. ಸಾಲಿಯವರೂ ಮಾಡ್ಯಾರ, ಜಿಲ್ಲಾದವರೂ ಮಾಡ್ಯಾರ. ರೊಕ್ಕ ಹಾಕೇವಿ ಅಂತ ತೋರಸ್ತೈತ್ರಿ.’

ಹಾಕಿದ್ದೇವೆ ಎಂದು ಸರಕಾರ ಹೇಳುತ್ತದೆ, ಬಂದಿಲ್ಲ ಎಂದು ಪಾಸ್‌ಬುಕ್ಕು ಹೇಳುತ್ತದೆ. ಎರಡೂ ನಿಜ. ಇದು ಹೇಗೆ ಸಾಧ್ಯ ಎಂಬುದನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಈಗಿನ ವಿದ್ಯಾರ್ಥಿವೇತನ ನಾವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಆಧಾರ್ ಸಂಖ್ಯೆಯನ್ನು ಹುಡುಕಿಕೊಂಡು ಹೋಗುತ್ತದೆ. ಒಬ್ಬರಿಗೆ ನಾಲ್ಕು ಬ್ಯಾಂಕಿನಲ್ಲಿ ಖಾತೆ ಇರಬಹುದು. ಆದರೆ ಸರಕಾರದ ದುಡ್ಡು ಬೀಳುವುದಕ್ಕೆ ಆಧಾರ್‌ಗೆ ಜೋಡಣೆಯಾಗಿರುವುದು ಒಂದೇ ಖಾತೆ, ಸಾಮಾನ್ಯವಾಗಿ ಕೊನೆಗೆ ಜೋಡಿಸಿದ್ದು. ಅದು ಯಾವುದೆಂದು ಆಧಾರ್‌ನ ಜಾಲತಾಣದಲ್ಲೇ ನೋಡಬಹುದು. ನೋಡಲು ಮೊಬೈಲಿಗೆ ಒಟಿಪಿ ಬರಬೇಕು. ಈ ಹುಡುಗಿಯ ಆಧಾರ್‌ನಲ್ಲಿದ್ದದ್ದು ಸೋದರಮಾವನ ಹಳೆಯ ನಂಬರು. ಅದು ಬಂದಾಗಿ ಎಷ್ಟೋ ವರ್ಷವಾಗಿತ್ತು. ಆಧಾರ್ ಕೇಂದ್ರಕ್ಕೆ ಹೋಗಿ ನಂಬರು ಬದಲಿಸಿ, ವಾರ ಕಾದು ನೋಡಿದರೆ ಅಲ್ಲಿ ಬೇರೆಯೇ ಒಂದು ಬ್ಯಾಂಕಿನ ಹೆಸರು!

ಆಗ ಅವಳ ಅವ್ವನಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಓಣಿಗೆ ಒಬ್ಬ ಹುಡುಗ ಯಂತ್ರ ಹಿಡಿದು ಬಂದು, ಮನೆಮಂದಿಯೆಲ್ಲರ ಹೆಬ್ಬೆರಳು ಒತ್ತಿಸಿಕೊಂಡು, ಖಾತೆ ತೆಗೆದಿದ್ದ. ಪಾಸ್‌ಬುಕ್ಕು ಆಮೇಲೆ ಕೊಡುತ್ತೇನೆ ಎಂದವನು ಮತ್ತೆ ಕಾಣಲಿಲ್ಲ. ಆ ಬ್ಯಾಂಕಿಗೆ ಮೂರು ಸಲ ಅಲೆಯಬೇಕಾಯಿತು. ಮೊದಲ ದಿನ ಸರ್ವರ್ ಇರಲಿಲ್ಲ, ಎರಡನೆಯ ದಿನ ಆ ಕೆಲಸದವರು ಇರಲಿಲ್ಲ. ನೇಕಾರನಿಗೆ ಒಂದು ದಿನ ಮಗ್ಗ ನಿಂತರೆ ಒಂದು ದಿನದ ಮಜೂರಿ ಹೋಯಿತು. ಕೌಂಟರಿನ ಆಚೆ ಕೂತವರಿಗೆ ಇದು ಹೊಳೆಯುವುದು ಕಷ್ಟ. ಮೂರನೆಯ ದಿನ ಪಾಸ್‌ಬುಕ್ಕು ಮುದ್ರಿಸಿ ಕೊಟ್ಟರು. ಅದರಲ್ಲಿ ಒಂದೇ ಒಂದು ಸಾಲು: 12,000 ಜಮಾ. ದುಡ್ಡು ಬಂದು ತಿಂಗಳುಗಳೇ ಆಗಿತ್ತು.

ಇಲ್ಲಿ ಇನ್ನೊಂದು ಮಾತು. ಮಕ್ಕಳ ಸ್ಕಾಲರ್‌ಶಿಪ್ಪಿಗೆಂದೇ ತೆಗೆದ ಶೂನ್ಯ ಶಿಲ್ಕಿನ ಖಾತೆಯನ್ನು ಎರಡು ವರ್ಷ ವ್ಯವಹಾರವಿಲ್ಲವೆಂದು ‘ನಿಷ್ಕ್ರಿಯ’ ಮಾಡಬಾರದೆಂದು ರಿಸರ್ವ್ ಬ್ಯಾಂಕು 2024ರಲ್ಲೇ ಹೇಳಿದೆ. ಯಾರಾದರೂ ‘ಖಾತೆ ಸತ್ತಿದೆ’ ಎಂದರೆ ಹೆದರಬೇಡಿ, ವಿನಯದಿಂದ ಈ ನಿಯಮ ನೆನಪಿಸಿ.

ಕಟ್ಟೆಯ ಮೇಲೆ ಕೂತು ಈ ಕೆಲಸ ಮಾಡುವಾಗ ನನಗೆ ನನ್ನ ಕಾಲ ನೆನಪಾಗುತ್ತದೆ. ಹುನಗುಂದದ ಹತ್ತಿರದ ಹಳ್ಳಿಯವನು ನಾನು. ಆಗ ಬಾಗಲಕೋಟೆ ವಿಜಾಪುರ ಜಿಲ್ಲೆಯಲ್ಲಿತ್ತು, ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಳ್ಳಿಯಿಂದ ಓದಲು ಬಂದ ಹುಡುಗರ ಹೊಟ್ಟೆಯ ಪ್ರಶ್ನೆಯನ್ನು ಊರೇ ನೋಡಿಕೊಳ್ಳುತ್ತಿತ್ತು. ಕೆಲವರದು ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಕೆಲವರದು ಪ್ರಸಾದ ನಿಲಯ. ನಾನು ಪ್ರಸಾದ ನಿಲಯದವನು. ಜೋಳದ ರೊಟ್ಟಿ, ಬೇಳೆ, ಹಬ್ಬಕ್ಕೊಮ್ಮೆ ಹುಗ್ಗಿ. ಕಾಲೇಜಿಗೆ ಸರಕಾರದ ಸಾಲದ ಸ್ಕಾಲರ್‌ಶಿಪ್ ಸಿಕ್ಕಿತು. ಕನ್ನಡ ಮಾಸ್ತರರೊಬ್ಬರು ತಾವೇ ಅರ್ಜಿ ತರಿಸಿ, ತಾವೇ ತುಂಬಿ, ‘ಇಲ್ಲಿ ಸಹಿ ಹಾಕಲೇ’ ಎಂದು ಗದರಿಸಿದ್ದರು. ಅದರಿಂದ ಬಿ.ಕಾಂ. ಆಯಿತು, 1974ರಲ್ಲಿ ಬ್ಯಾಂಕು ಸೇರಿದೆ, ಪಗಾರದಲ್ಲಿ ಕಂತು ಕಟ್ಟಿ ತೀರಿಸಿದೆ.

ಓದುವ ಮಕ್ಕಳಿಗೆ ದುಡ್ಡು ತೆಗೆದಿಡುವ ಬುದ್ಧಿ ಈ ಸೀಮೆಗೆ ಹೊಸದಲ್ಲ. ಸವದತ್ತಿ ಕಡೆಯ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆಯೇ ತಮ್ಮ ದೇಸಗತಿಯ ಆಸ್ತಿ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟಿದ್ದರು. ಆ ಟ್ರಸ್ಟಿನ ಹಣದಿಂದ ಎಷ್ಟೋ ಬಡ ಹುಡುಗರು ಓದಿದರು. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಅದೇ 1906ರಲ್ಲಿ. ಇಂಗ್ಲಿಷರ ರಾಜ್ಯ, ಕೈಯಲ್ಲಿ ಫೋನಿಲ್ಲ, ಫಾರ್ಮಿಲ್ಲ. ಆದರೂ ದುಡ್ಡು ಹುಡುಗನನ್ನು ಹುಡುಕಿಕೊಂಡು ಬರುತ್ತಿತ್ತು, ಏಕೆಂದರೆ ನಡುವೆ ಒಬ್ಬ ಮಾಸ್ತರ ಇರುತ್ತಿದ್ದ. ಈಗ ದುಡ್ಡು ಅಂದಿಗಿಂತ ಬಹಳ ಇದೆ. ನಡುವೆ ನಿಲ್ಲುವ ಮನುಷ್ಯ ಕಡಿಮೆಯಾಗಿದ್ದಾನೆ. ನಿವೃತ್ತರಾದ ನಾವೆಲ್ಲ ಬೆಳಗ್ಗೆ ವಾಕಿಂಗ್ ಮುಗಿಸಿ ಪೇಪರಿನ ಪದಬಂಧ ಬಿಡಿಸುತ್ತ ಕೂಡುವ ಬದಲು ವಾರಕ್ಕೆರಡು ತಾಸು ಈ ಕೆಲಸಕ್ಕೆ ಕೊಡಬಹುದು. (ಪದಬಂಧವನ್ನು ನಾನೂ ಬಿಟ್ಟಿಲ್ಲ ಎನ್ನಿ.)

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಮಗುವಿಗೆ ತೊಟ್ಟಿಲ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು, ಸಾಲಿಯ ಹೆಸರು ಮತ್ತೊಂದು. ಆಧಾರ್ ಮಾಡಿಸುವಾಗ ಅವ್ವ ಕರೆಯುವ ಹೆಸರು ಹೇಳಿರುತ್ತಾಳೆ. ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಸೇರಿ ಉದ್ದವಾಗಿರುತ್ತದೆ. ಬ್ಯಾಂಕಿನಲ್ಲಿ ಬರೀ ಇನಿಷಿಯಲ್ಲು. ಮನುಷ್ಯರಿಗೆ ಇವರೆಲ್ಲ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂವರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ಅದರಲ್ಲಿನ ಹೆಸರು ತಿದ್ದಿಸುವುದು ದೊಡ್ಡ ಪಾಡು. ಆದ್ದರಿಂದ ಎಂಟು, ಒಂಬತ್ತನೆಯ ತರಗತಿಯಲ್ಲೇ ಶಾಲೆಯ ದಾಖಲೆ, ಆಧಾರ್, ಪಾಸ್‌ಬುಕ್ಕು ಮೂರನ್ನೂ ಒಂದು ಚಾಪೆಯ ಮೇಲೆ ಹರವಿಕೊಂಡು ಅಕ್ಷರ ಅಕ್ಷರ ಹೊಂದಿಸಿ ನೋಡಬೇಕು. ಬಾದಾಮಿಯಲ್ಲಿರುವ ನನ್ನ ಮೊಮ್ಮಗನ ಹೆಸರಿನಲ್ಲಿ ಒಂದು ‘ಎಚ್’ ಹೆಚ್ಚಾಗಿತ್ತು. ಬನಶಂಕರಿ ಜಾತ್ರೆಗೆ ಹೋದವನು ನಾಟಕ ನೋಡುವುದನ್ನು ಬಿಟ್ಟು ಅದನ್ನೇ ತಿದ್ದಿಸಿ ಬಂದೆ. ‘ಅಜ್ಜ ಜಾತ್ರಿಗೆ ಬಂದು ಎಚ್ ತಗೊಂಡು ಹೋದ’ ಎಂದು ಅವನು ಇನ್ನೂ ನಗುತ್ತಾನೆ.

ಜಾತಿ ಮತ್ತು ಆದಾಯದ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ನಂಬರನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟುಕೊಳ್ಳಿ. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಾಣದಲ್ಲಿ ಅದೇ ಬೀಗದ ಕೈ. ಹಳ್ಳಿಯ ಮಕ್ಕಳು ಇನ್ನೆರಡು ಕಾಗದ ಮರೆಯಬಾರದು. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅದರ ವ್ಯಾಸಂಗ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದ ಪಡೆದು ಬಿಇಒ ಸಹಿ ಮಾಡಿಸಿಡಬೇಕು. ಕನ್ನಡ ಸಾಲಿಯಲ್ಲಿ ಓದಿದ್ದಕ್ಕೆ ನಾಚಿಕೊಳ್ಳುವ ಮಕ್ಕಳನ್ನು ನೋಡಿದ್ದೇನೆ. ಅವರಿಗೆ ಈ ಐದು ಅಂಕಿ ತೋರಿಸುತ್ತೇನೆ.

ಆ ಹುಡುಗಿಗೆ ನಾನು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಒಂದು ಲೆಡ್ಜರ್ ಹಾಕಿಕೊಟ್ಟೆ. ಎಡಕ್ಕೆ ಖರ್ಚು, ಬಲಕ್ಕೆ ಬರುವುದು. ಸರಕಾರಿ ಪಿಯು ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕವಿಲ್ಲ. 2023ರ ಜೂನ್‌ನಿಂದ ಸರಕಾರಿ ಬಸ್ಸಿನ ಖರ್ಚೂ ಇಲ್ಲ. ಉಳಿದದ್ದು ಪುಸ್ತಕ, ಬಟ್ಟೆ, ಪರೀಕ್ಷೆಯ ಫೀ. ಎನ್‌ಎಂಎಂಎಸ್ ಪಿಯುಸಿಯಲ್ಲೂ ಮುಂದುವರಿಯಬೇಕಾದರೆ ಹತ್ತನೆಯದರಲ್ಲಿ ಶೇ. 60 ಬರಬೇಕು (ಪರಿಶಿಷ್ಟರಿಗೆ 55), ಮತ್ತು ಪ್ರತಿ ವರ್ಷ ನವೀಕರಣ ಮಾಡಿಸಲೇಬೇಕು. ಅವಳಿಗೆ ಶೇ. 88 ಬಂತು.

ಪಿಯುಸಿ ಆಚೆಗಿನ ಪುಟಗಳನ್ನೂ ಈಗಲೇ ಗೆರೆ ಎಳೆದಿಟ್ಟಿದ್ದೇವೆ. ಹತ್ತು, ಹನ್ನೆರಡು ಎರಡನ್ನೂ ಸರಕಾರಿಯಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜೀ ಪ್ರತಿಷ್ಠಾನ ವರ್ಷಕ್ಕೆ 30,000 ಕೊಡುತ್ತಿದೆ. ಹನ್ನೆರಡರಲ್ಲಿ ಬಹಳ ಮೇಲಿನ ಅಂಕ ಬಂದು ಮೂಲ ವಿಜ್ಞಾನ ಓದಿದರೆ ಇನ್‌ಸ್ಪೈರ್‌ನದು ವರ್ಷಕ್ಕೆ 80,000. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ಊಟ-ವಸತಿಗೆ ವಿದ್ಯಾಸಿರಿಯ ನೆರವು, ವರ್ಷದಲ್ಲಿ ಹತ್ತು ತಿಂಗಳು. ಕೈಮಗ್ಗದವರ ಮಕ್ಕಳು ಸರಕಾರದ ಜವಳಿ ಸಂಸ್ಥೆಗಳಲ್ಲಿ ಓದಿದರೆ ಕೇಂದ್ರದ ಕೈಮಗ್ಗ ಯೋಜನೆಯಲ್ಲಿ ವರ್ಷಕ್ಕೆ 2 ಲಕ್ಷದವರೆಗೂ ನೆರವಿದೆ. ಈ ಕೊನೆಯದನ್ನು ಹೇಳಿದಾಗ ಅಪ್ಪ ನಂಬಲಿಲ್ಲ. ‘ನೇಯೂದು ಕಲಿಯಾಕ ರೊಕ್ಕ ಕೊಡ್ತಾರೇನ್ರಿ? ನಮಗ್ಯಾರೂ ಕೊಡಲಿಲ್ಲಲ್ರಿ!’ ಎಂದ.

ಸಾಲದ ಮಾತು ಬಂದರೆ ನಮ್ಮ ಮಂದಿ ಬ್ಯಾಂಕಿಗೆ ಹೆದರಿ ಕೈಗಡಕ್ಕೆ ಓಡುತ್ತಾರೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಕೇಳಲು ಸಣ್ಣದು. ಐವತ್ತು ಸಾವಿರಕ್ಕೆ ವರ್ಷದ ಬಡ್ಡಿ 18,000 ಆಗುತ್ತದೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ನಾಲ್ಕು ಲಕ್ಷದವರೆಗೆ ಆಸ್ತಿಯ ಅಡವು ಬೇಡ, ಕಂತು ಶುರುವಾಗುವುದು ಕೋರ್ಸು ಮುಗಿದು ಒಂದು ವರ್ಷದ ನಂತರ. ಬಾದಾಮಿ ಶಾಖೆಯಲ್ಲಿದ್ದಾಗ ಮಗನ ಫೀಗೆಂದು ಹೆಂಡತಿಯ ಬೋರಮಾಳ ಅಡವಿಡಲು ಬಂದ ತಂದೆಯರನ್ನು ಎಷ್ಟು ಜನರನ್ನು ನೋಡಿದ್ದೇನೋ. ಪಕ್ಕದ ಮೇಜಿನಲ್ಲೇ ಶಿಕ್ಷಣ ಸಾಲದ ಅರ್ಜಿ ಇರುತ್ತಿತ್ತು. ಅತ್ತ ಕರೆದುಕೊಂಡು ಹೋದರೆ ‘ಓದಿಗೆ ಸಾಲ ಯಾರ ಕೊಡ್ತಾರ’ ಎಂದು ಹಿಂದೆ ಸರಿಯುತ್ತಿದ್ದರು.

ಹುಡುಗಿ ಈಗ ಪಿಯುಸಿ ಮೊದಲ ವರ್ಷ, ವಿಜ್ಞಾನ. ಸಂಜೆ ಒಂದು ತಾಸು ಕಂಡಿಕೆಯನ್ನೂ ಸುತ್ತುತ್ತಾಳೆ, ಅದನ್ನು ಅವ್ವ ಬಿಟ್ಟಿಲ್ಲ. ಲೆಡ್ಜರನ್ನು ಅವಳೇ ಬರೆಯುತ್ತಾಳೆ, ತಿಂಗಳಿಗೊಮ್ಮೆ ತಂದು ತೋರಿಸುತ್ತಾಳೆ. ಹೋದ ತಿಂಗಳು ಕೂಡುವಿಕೆಯಲ್ಲಿ ನಲವತ್ತು ರೂಪಾಯಿ ಹೊಂದಲಿಲ್ಲ. ಇಬ್ಬರೂ ಅರ್ಧ ತಾಸು ಹುಡುಕಿದೆವು; ಕೊನೆಗೆ ಝೆರಾಕ್ಸಿನ ಖರ್ಚು ಬರೆದಿರಲಿಲ್ಲವೆಂದು ಅವಳೇ ಕಂಡುಹಿಡಿದಳು. ಈ ವರ್ಷದ ನವೀಕರಣಕ್ಕೆ ಕಾಲೇಜಿನವರು ಒಪ್ಪಿಗೆ ಕೊಟ್ಟಿದ್ದಾರೆ, ಜಿಲ್ಲೆಯದು ಬಾಕಿ ಇದೆ. ಅವಳ ತಮ್ಮ ಈಗ ಎಂಟನೆಯ ತರಗತಿ. ಭಾನುವಾರ ಅವನ ಆಧಾರ್, ಶಾಲೆಯ ದಾಖಲೆ, ಪಾಸ್‌ಬುಕ್ಕು ಮೂರನ್ನೂ ತರಲು ಹೇಳಿದ್ದೇನೆ.