ಕಾರ್ಕಳದಿಂದ ತಂದ ಕಾಮಿಕ್ಸ್ ಕಟ್ಟು

ಶನಿವಾರ ಬೆಳಗ್ಗೆ ಆರೂವರೆಗೆ ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ಬೆನ್ನ ಮೇಲೆ ಒಂದು ಖಾಲಿ ಬ್ಯಾಗು, ಜೇಬಲ್ಲಿ ಮೂರು ಸಾವಿರ ರೂಪಾಯಿ ಕ್ಯಾಶ್ ಇತ್ತು. "ಗೊಮ್ಮಟನನ್ನು ನೋಡ್ಲಿಕ್ಕೆ ಬಂದದ್ದಾ?" ಅಂತ ಪಕ್ಕದ ಸೀಟಿನವರು ಕೇಳಿದಾಗ ಹೌದು ಅಂದುಬಿಟ್ಟಿದ್ದೆ. ನಿಜ ಹೇಳೋಕೆ ನಾಚಿಕೆ. ಇಂಜಿನಿಯರಿಂಗ್ ಓದಿದ, ಮೂವತ್ತು ವರ್ಷದ ಗಂಡಸು ರಾತ್ರಿಯಿಡೀ ಬಸ್ಸಲ್ಲಿ ಕೂತು ಮಕ್ಕಳ ಕಾಮಿಕ್ಸ್ ತರೋಕೆ ಬಂದಿದ್ದೀನಿ ಅಂದ್ರೆ ಏನಂದುಕೊಳ್ಳಲ್ಲ?

ಈ ಹುಚ್ಚು ಶುರುವಾಗಿದ್ದು 2020ರ ಲಾಕ್‌ಡೌನಲ್ಲಿ. ತುಮಕೂರಿನ ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಅಟ್ಟ ಕ್ಲೀನ್ ಮಾಡುವಾಗ ಅಪ್ಪನ ಹಳೇ ಟ್ರಂಕಲ್ಲಿ ಹನ್ನೊಂದು ಇಂದ್ರಜಾಲ ಕಾಮಿಕ್ಸ್ ಸಿಕ್ಕವು. ಎಲ್ಲ ಕನ್ನಡದವು. ಫ್ಯಾಂಟಮ್, ಮ್ಯಾಂಡ್ರೇಕ್, ಬಹಾದೂರ್. ಅದರಲ್ಲೊಂದು ಫ್ಯಾಂಟಮ್ ಪುಸ್ತಕಕ್ಕೆ ಕೊನೆಯ ನಾಲ್ಕು ಪುಟಗಳೇ ಇರಲಿಲ್ಲ. "ಅದನ್ನು ನಿಮ್ಮ ಚಿಕ್ಕಪ್ಪ ಹರಿದು ದೋಣಿ ಮಾಡಿದ. ಕೊನೆಗೆ ಏನಾಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ" ಅಂದ್ರು ಅಪ್ಪ. ಅರವತ್ತು ದಾಟಿದ ಮನುಷ್ಯನ ದನಿಯಲ್ಲಿ ತಮ್ಮನ ಮೇಲೆ ಇನ್ನೂ ಸಿಟ್ಟಿತ್ತು!

ಆ ನಾಲ್ಕು ಪುಟ ಹುಡುಕೋಣ ಅಂತ ಫೋನ್ ಹಿಡಿದು ಕೂತೆ. ಆಮೇಲೆ ಗೊತ್ತಾಯ್ತು, ಇದೊಂದು ದೊಡ್ಡ ಲೋಕ ಅಂತ.

ಇಂದ್ರಜಾಲದ ಬಲೆ

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಇಂದ್ರಜಾಲ ಕಾಮಿಕ್ಸ್ ಶುರುವಾಗಿದ್ದು 1964ರ ಮಾರ್ಚಿನಲ್ಲಿ. ಟೈಮ್ಸ್ ಆಫ್ ಇಂಡಿಯಾದ ಬೆನೆಟ್ ಕೋಲ್ಮನ್ ಕಂಪನಿ ಅದನ್ನು ತರುತ್ತಿತ್ತು. ಅಮೆರಿಕದ ಲೀ ಫಾಕ್ 1930ರ ದಶಕದಲ್ಲಿ ಹುಟ್ಟಿಸಿದ ಮ್ಯಾಂಡ್ರೇಕ್ ಮತ್ತು ಫ್ಯಾಂಟಮ್, ನಮ್ಮ ದೇಶದ ಮಕ್ಕಳ ಮನೆಗೆ ಬಂದಿದ್ದು ಹೀಗೆ. ಫ್ಯಾಂಟಮ್ ಇರುವ ಕಾಡಿನ ಹೆಸರು ಬಂಗಾಳವನ್ನು ನೆನಪಿಸುತ್ತೆ ಅಂತ ಇಲ್ಲಿ ಅದನ್ನು 'ಡೆಂಕಾಲಿ' ಮಾಡಿದ್ರು. 'ಸಿಂಗ್' ಅನ್ನೋ ಕಡಲ್ಗಳ್ಳರು 'ಸಿಂಗ' ಆದ್ರು. 1976ರಲ್ಲಿ ಆಬಿದ್ ಸುರ್ತಿ ಬರೆದ ಬಹಾದೂರ್ ಬಂದ. ನಮ್ಮದೇ ನೆಲದ ಹೀರೋ, ಚಂಬಲ್ ಡಕಾಯಿತರ ಜೊತೆ ಹೊಡೆದಾಡೋನು. 1990ರಲ್ಲಿ ಪ್ರಕಟಣೆ ನಿಂತಾಗ ಸಂಚಿಕೆಗಳ ಲೆಕ್ಕ ಎಂಟುನೂರು ದಾಟಿತ್ತು.

ಇಂಗ್ಲಿಷ್, ಹಿಂದಿ ಸಂಚಿಕೆಗಳು ಆನ್‌ಲೈನಲ್ಲಿ ಬೇಕಾದಷ್ಟು ಸಿಗ್ತವೆ. ಕನ್ನಡದ್ದು ಸಿಗೋದು ಅಪರೂಪ. ನಾವು ಓದಿ, ಪಕ್ಕದ ಮನೆಗೆ ಕೊಟ್ಟು, ಕೊನೆಗೆ ಪೇಪರಿನವನಿಗೆ ಹಾಕಿ ಮುಗಿಸಿದ್ವಿ ಅನ್ಸುತ್ತೆ. ಹಾಗಾಗಿ ಕನ್ನಡದ ಒಂದು ಒಳ್ಳೆ ಪ್ರತಿ ಬಂದ್ರೆ ಸಾವಿರ, ಒಂದೂವರೆ ಸಾವಿರ ಕೊಡೋ ಜನ ಇದ್ದಾರೆ. ನಾನೇ ಕೊಟ್ಟಿದ್ದೀನಿ.

ಮೋಸನೂ ಹೋಗಿದ್ದೀನಿ. ಒಬ್ಬರ ಹತ್ತಿರ ಒಂಬೈನೂರು ಕೊಟ್ಟು ತರಿಸಿದ ಪುಸ್ತಕದ ರಕ್ಷಾಪುಟ ಕಲರ್ ಜೆರಾಕ್ಸ್! ಫೋಟೋದಲ್ಲಿ ಗೊತ್ತೇ ಆಗಿರಲಿಲ್ಲ. ಅವತ್ತಿಂದ ಕೊಳ್ಳೋ ಮುಂಚೆ ನಾಲ್ಕು ಫೋಟೋ ಕೇಳ್ತೀನಿ: ಮುಂದಿನ ರಕ್ಷಾಪುಟ, ಹಿಂದಿನದು, ಬೆನ್ನು, ಮತ್ತೆ ನಡುಪುಟದ ಪಿನ್ನು. ಪಿನ್ನಿಗೆ ತುಕ್ಕು ಹಿಡಿದಿದ್ರೆ ಪರವಾಗಿಲ್ಲ. ಹಳೇ ಪುಸ್ತಕಕ್ಕೆ ಹೊಸ ಪಿನ್ನಿದ್ರೆ ಮಾತ್ರ ಅನುಮಾನ ಪಡಬೇಕು. ಅಮರ ಚಿತ್ರ ಕಥೆ ಆದ್ರೆ ಇನ್ನೊಂದು ಉಪಾಯ ಇದೆ. ಹಿಂದೆ ಅಚ್ಚಾಗಿರೋ ಶೀರ್ಷಿಕೆಗಳ ಪಟ್ಟಿ ನೋಡಿ. ಇಪ್ಪತ್ತನೇ ನಂಬರಿನ ಪುಸ್ತಕದ ಹಿಂದೆ ಇನ್ನೂರನೇ ನಂಬರಿನ ಹೆಸರಿದ್ರೆ ಅದು ಮೊದಲ ಮುದ್ರಣ ಅಲ್ಲ, ಮರುಮುದ್ರಣ.

ಕೊಳ್ಳೋದಕ್ಕೆ ದುಡ್ಡು ಬೇಕಲ್ಲ, ಎರಡೆರಡು ಇದ್ದಿದ್ದನ್ನು ಮಾರೋಕೆ ಶುರು ಮಾಡಿದೆ. ಆಮೇಲಾಮೇಲೆ ಮಾರೋದಕ್ಕೇ ಕೊಳ್ಳೋಕೆ ಶುರು ಮಾಡಿದೆ. ಹೋದ ವರ್ಷ ನಮ್ಮ ಟೀಮಲ್ಲಿ ಆರು ಜನರನ್ನು ಮನೆಗೆ ಕಳಿಸಿದ್ರು. ನನ್ನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ, ಆದ್ರೆ ಮುಂದಿನ ಸಲ ಇರಲ್ಲ ಅಂತ ಯಾರೂ ಹೇಳಲಿಲ್ಲ. ಆಗಿಂದ ಕಾಮಿಕ್ಸ್ ನೋಡಿದ ಕೂಡಲೇ ಕಥೆ ಕಾಣೋದು ನಿಂತು, ರೇಟು ಕಾಣೋಕೆ ಶುರುವಾಯ್ತು.

ಅಂಥ ಹೊತ್ತಲ್ಲೇ ಆ ಜಾಹೀರಾತು ಬಂತು: "ಹಳೆ ಕನ್ನಡ ಕಾಮಿಕ್ಸ್, ಸುಮಾರು 140. ಎಲ್ಲ ಒಟ್ಟಿಗೆ 3,000. ಕಾರ್ಕಳಕ್ಕೆ ಬಂದು ಒಯ್ಯಬೇಕು." ಜೊತೆಗೆ ಒಂದೇ ಒಂದು ಮಸುಕು ಫೋಟೋ. ಅದರ ಮೂಲೆಯಲ್ಲಿ ಇಂದ್ರಜಾಲದ ಒಂದು ಬೆನ್ನು ಕಾಣ್ತಿತ್ತು. ಅರ್ಧ ಗಂಟೆಯೊಳಗೆ ಬಸ್ ಬುಕ್ ಮಾಡಿದೆ.

ಅನಂತ ಪೈ ಹುಟ್ಟಿದ ಊರು

ಕಾರ್ಕಳಕ್ಕೂ ಕಾಮಿಕ್ಸಿಗೂ ಒಂದು ನಂಟಿದೆ. ಅಮರ ಚಿತ್ರ ಕಥೆಯ ಅನಂತ ಪೈ ಹುಟ್ಟಿದ್ದು ಇದೇ ಊರಲ್ಲಿ, 1929ರಲ್ಲಿ. ಎಳವೆಯಲ್ಲೇ ತಂದೆ ತಾಯಿಯನ್ನು ಕಳಕೊಂಡು, ಹನ್ನೆರಡರ ವಯಸ್ಸಿಗೆ ಮುಂಬೈಗೆ ಹೋದವರು. ಇಂದ್ರಜಾಲ ಕಾಮಿಕ್ಸ್ ಶುರುವಾದಾಗ ಅವರು ಟೈಮ್ಸ್ ಆಫ್ ಇಂಡಿಯಾದಲ್ಲೇ ಕೆಲಸದಲ್ಲಿದ್ರು. 1967ರಲ್ಲಿ ದೂರದರ್ಶನದ ಕ್ವಿಜ್ ಒಂದರಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಹೇಳಿ, ರಾಮನ ತಾಯಿ ಯಾರು ಅಂದಾಗ ತಡವರಿಸಿದ್ದು ನೋಡಿ ಅಮರ ಚಿತ್ರ ಕಥೆಯ ಯೋಚನೆ ಬಂತು ಅಂತ ಅವರೇ ಹೇಳುತ್ತಿದ್ರು. 1980ರಲ್ಲಿ ಟಿಂಕಲ್ ಶುರು ಮಾಡಿ ದೇಶದ ಮಕ್ಕಳಿಗೆಲ್ಲ 'ಅಂಕಲ್ ಪೈ' ಆದ್ರು. 2011ರಲ್ಲಿ ತೀರಿಕೊಂಡ್ರು.

ಇನ್ನೊಂದು ವಿಷಯ ಸಂಗ್ರಾಹಕರಿಗೆ ಮಾತ್ರ ಗೊತ್ತಿರುತ್ತೆ. ಇಂಗ್ಲಿಷ್ ಅಮರ ಚಿತ್ರ ಕಥೆಯ ಮೊದಲ ಪುಸ್ತಕ 'ಕೃಷ್ಣ'ನ ನಂಬರು 1 ಅಲ್ಲ, 11. ಮೊದಲ ಹತ್ತು ಪಶ್ಚಿಮದ ಮಕ್ಕಳ ಕಥೆಗಳು. ಅವು ಬಂದಿದ್ದು ಕನ್ನಡದಲ್ಲಿ. ಅಂದ್ರೆ ಈ ಮಾಲೆ ಮೊದಲು ಮಾತಾಡಿದ್ದು ಕನ್ನಡ!

ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಲ್ಲಿ ಬನ್ಸ್ ತಿಂದು, ಕಾಫಿ ಕುಡಿದು, ಎಂಟು ಗಂಟೆಗೆ ವಿಳಾಸ ಹುಡುಕುತ್ತಾ ಹೊರಟೆ. ಕಪ್ಪು ಕಲ್ಲಿನ ಊರಾದ್ದರಿಂದಲೇ ಕಾರ್ಕಳ ಅಂತ ಹೆಸರು ಬಂತಂತೆ. ಹೌದು ಅನ್ನೋ ಹಾಗೆ ಎಲ್ಲಿ ನೋಡಿದ್ರೂ ಕಲ್ಲು. ಕಾಂಪೌಂಡ್ ಕಲ್ಲಿಂದು, ಮೆಟ್ಟಿಲು ಕಲ್ಲಿಂದು, ಅಂಗಳದ ತುಳಸಿಕಟ್ಟೆನೂ ಕಲ್ಲಿಂದು.

ಹೆಂಚಿನ ಮನೆ. ಜಗಲಿಯಲ್ಲಿ ಪಂಚೆ ಉಟ್ಟುಕೊಂಡು ಕೂತಿದ್ದ ಎಪ್ಪತ್ತರ ಆಸುಪಾಸಿನ ರಾಯರು ಕನ್ನಡಕ ಮೇಲೆತ್ತಿ ನೋಡಿದ್ರು.

"ನೀವಾ ಬೆಂಗಳೂರಿಂದ ಬರುವವರು? ಬನ್ನಿ ಬನ್ನಿ. ಬಾಯಾರಿಕೆಗೆ ಎಂತ ಬೇಕು?"

ಮಜ್ಜಿಗೆ ಬಂತು, ಜೊತೆಗೆ ಕಥೆಯೂ ಬಂತು. ಎಪ್ಪತ್ತರ ದಶಕದಲ್ಲಿ ಅವರು ಪೇಟೆಯಲ್ಲಿ ಒಂದು ಬಾಡಿಗೆ ಲೈಬ್ರರಿ ಇಟ್ಟಿದ್ರಂತೆ. ಒಂದು ಪುಸ್ತಕಕ್ಕೆ ದಿನಕ್ಕೆ ಹತ್ತು ಪೈಸೆ. ಶಾಲೆ ಬಿಟ್ಟ ಕೂಡಲೇ ಮಕ್ಕಳು ಸಾಲಾಗಿ ನಿಲ್ತಿದ್ರಂತೆ. "ಟಿವಿಯಲ್ಲಿ ರಾಮಾಯಣ ಬಂತಲ್ಲ, ಆಮೇಲೆ ಮಕ್ಕಳು ಬರುದು ಕಮ್ಮಿ ಆಯ್ತು. ಅಮರ ಚಿತ್ರ ಕಥೆಯ ರಾಮ ಮಾತಾಡುದಿಲ್ಲ, ಟಿವಿಯ ರಾಮ ಮಾತಾಡ್ತಾನೆ. ಎಂತ ಮಾಡುದು?" ಅಂತ ನಕ್ಕರು. ಈಗ ಮನೆ ರಿಪೇರಿ. ಮಂಗಳೂರಲ್ಲಿರೋ ಮಗಳು ಜಾಹೀರಾತು ಹಾಕಿದ್ದಾಳೆ.

"ಎಲ್ಲ ಒಟ್ಟಿಗೆ ಕೊಂಡು ಹೋಗುದಾದ್ರೆ ಮಾತ್ರ ಕೊಡುದು. ಒಂದೊಂದೇ ಹೆಕ್ಕಿ ತೆಗಿಯುದು ಬೇಡ."

ರಟ್ಟಿನ ಡಬ್ಬಿ ಬಿಚ್ಚಿದೆ. ಸುಮಾರು ನೂರು ಅಮರ ಚಿತ್ರ ಕಥೆ, ಹೆಚ್ಚಿನವು ಮರುಮುದ್ರಣ. ಒಂದಿಷ್ಟು ಚಂದಮಾಮ, ನಾನೇ ಚಿಕ್ಕವನಿದ್ದಾಗ ಡಿಂಗನಿಗಾಗಿ ಕಾಯ್ತಿದ್ದ ಬಾಲಮಂಗಳ. ಎಲ್ಲದರ ಮೊದಲ ಪುಟದಲ್ಲೂ ನೀಲಿ ಶಾಯಿಯ ಮೊಹರು: ಲೈಬ್ರರಿಯ ಹೆಸರು, ಕೆಳಗೆ 'ಹರಿದರೆ ದಂಡ'. ತಳದಲ್ಲಿ, ಪೇಪರಲ್ಲಿ ಸುತ್ತಿಟ್ಟ ಒಂಬತ್ತು ಇಂದ್ರಜಾಲ. ಮೊಹರಿದ್ರೆ ಸಂಗ್ರಾಹಕರು ರೇಟು ಇಳಿಸ್ತಾರೆ, ನಿಜ. ಆದ್ರೆ ಇವು ಮಡಿಕೆ ಬೀಳದ, ಹುಳು ಮುಟ್ಟದ ಪ್ರತಿಗಳು. ಆರನೆಯದನ್ನು ನೋಡಿ ಕೈ ನಿಂತಿತು. ಅಪ್ಪನ ಟ್ರಂಕಿನ, ಕೊನೆ ಇಲ್ಲದ ಅದೇ ಫ್ಯಾಂಟಮ್.

ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಮೂರು ಸಾವಿರ ಎಣಿಸಿ ಕೊಟ್ಟೆ. ಅವರು ಇನ್ನೂರು ವಾಪಸ್ ಕೊಟ್ಟು "ಬಸ್ ಚಾರ್ಜಿಗೆ ಇಟ್ಟುಕೊಳ್ಳಿ, ಅಷ್ಟು ದೂರದಿಂದ ಬಂದಿದ್ದೀರಿ" ಅಂದ್ರು.

ಆ ಇನ್ನೂರು ರೂಪಾಯಿ ನನ್ನನ್ನು ಕೆಡಿಸಿತು ನೋಡಿ.

ಬೆಟ್ಟದ ಮೇಲೆ ಲೆಕ್ಕ

ವಾಪಸ್ ಬಸ್ಸು ರಾತ್ರಿಗೆ. ಹಗಲೆಲ್ಲ ಖಾಲಿ. ಬ್ಯಾಗು ಬೆನ್ನಿಗೇರಿಸಿಕೊಂಡೇ ಗೊಮ್ಮಟ ಬೆಟ್ಟ ಹತ್ತಿದೆ. ಬಂಡೆಯಲ್ಲೇ ಕಡಿದ ಮೆಟ್ಟಿಲು. ಹೊತ್ತೇರಿದ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ, ಹೋಗೋರು ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಮೇಲೆ 42 ಅಡಿ ಎತ್ತರದ ಬಾಹುಬಲಿ. 1432ರಲ್ಲಿ ಭೈರರಸ ವೀರಪಾಂಡ್ಯ ನಿಲ್ಲಿಸಿದ್ದು. ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ ಕಾಣುತ್ತೆ. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಯಾವ ಕಡೆಯಿಂದ ಒಳಗೆ ಹೋದ್ರೂ ಅದೇ ಮೂವರು ತೀರ್ಥಂಕರರ ದರ್ಶನ. ಆಚೆ ಆನೆಕೆರೆ, ಅದರಾಚೆ ಪಶ್ಚಿಮ ಘಟ್ಟದ ನೀಲಿ ಗೋಡೆ. ಗಾಳಿ ಚೆನ್ನಾಗಿತ್ತು. ನನಗೆ ಮಾತ್ರ ನೆಮ್ಮದಿ ಇರಲಿಲ್ಲ.

ಬಟ್ಟೆಯನ್ನೂ ಇಟ್ಟುಕೊಳ್ಳದೆ ನಿಂತವನ ಮುಂದೆ ಕೂತು ಫೋನಲ್ಲಿ ಲೆಕ್ಕ ಹಾಕಿದೆ. ಒಂಬತ್ತು ಇಂದ್ರಜಾಲ ಮಾರಿದ್ರೆ ಹನ್ನೆರಡು ಸಾವಿರಕ್ಕೆ ಮೋಸವಿಲ್ಲ. ಉಳಿದವನ್ನು ಬಿಡಿ ಬಿಡಿಯಾಗಿ ಮಾರಿದ್ರೆ ಇನ್ನೊಂದು ಏಳೆಂಟು ಸಾವಿರ. ಕಾನೂನಿನ ಪ್ರಕಾರ ತಪ್ಪೇನಿಲ್ಲ. ಅವರು ಬೆಲೆ ಹೇಳಿದ್ರು, ನಾನು ಕೊಟ್ಟೆ. ವ್ಯಾಪಾರ ಅಂದ್ರೆ ಇದೇ ತಾನೇ?

ಆದ್ರೆ ಜೆರಾಕ್ಸ್ ರಕ್ಷಾಪುಟ ಕಳಿಸಿದವನನ್ನು ನಾನು ಎಷ್ಟು ದಿನ ಬೈದಿದ್ದೆ! ಅವನಿಗೆ ಗೊತ್ತಿದ್ದು ನನಗೆ ಗೊತ್ತಿರಲಿಲ್ಲ. ಈಗ ನನಗೆ ಗೊತ್ತಿದೆ, ರಾಯರಿಗೆ ಗೊತ್ತಿಲ್ಲ. ಅವನಿಗೂ ನನಗೂ ಏನು ವ್ಯತ್ಯಾಸ? ಹೆಂಡತಿಗೆ ಫೋನ್ ಮಾಡಿದೆ. ಅವಳು ಒಂದೇ ಮಾತು ಹೇಳಿದ್ಲು: "ಅವರ ಮಗಳು ನಾಳೆ ಆ ಪುಸ್ತಕವನ್ನ ನಿನ್ನ ಪೋಸ್ಟಲ್ಲಿ ನೋಡಿದ್ರೆ ಏನ್ ಹೇಳ್ತೀಯಾ?"

ಮತ್ತೆ ಅದೇ ಜಗಲಿಗೆ

ಮೂರು ಗಂಟೆಗೆ ಮತ್ತೆ ಅದೇ ಜಗಲಿ. ಒಂಬತ್ತು ಪುಸ್ತಕ ತೆಗೆದು ಮುಂದಿಟ್ಟು ವಿಷಯ ಹೇಳಿದೆ. ಸಿನಿಮಾದಲ್ಲಾದ್ರೆ ರಾಯರು ಕಣ್ಣು ತುಂಬಿಕೊಂಡು "ನೀನೇ ಇಟ್ಟುಕೋ ಮಗನೇ" ಅನ್ನಬೇಕಿತ್ತು. ಅವರು ಹಾಗನ್ನಲಿಲ್ಲ.

"ಅಲ್ಲ ಮಾರಾಯ್ರೆ, ಹಾಗಾದ್ರೆ ಬೆಳಿಗ್ಗೆ ಎಂತಕ್ಕೆ ಹೇಳ್ಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಆಸೆ ಆಯ್ತು ರಾಯರೇ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ರು. ಒಂಬತ್ತನ್ನೂ ಎಣಿಸಿ ತೆಗೆದು, ಅದೇ ಪೇಪರಲ್ಲಿ ಸುತ್ತಿ ಒಳಗಿಟ್ಟು ಬಂದ್ರು. "ಬಾಕಿದ್ದು ನಿಮಗೇ ಇರ್ಲಿ. ಇದನ್ನು ಮಗಳಿಗೆ ಹೇಳ್ತೇನೆ. ದುಡ್ಡು ವಾಪಸ್ ಬೇಕಾ?" ಅಂದ್ರು. ಬೇಡ ಅಂದೆ. ಅಪ್ಪನ ಪುಸ್ತಕದ ಕಥೆ ಹೇಳಬೇಕು ಅನ್ನಿಸ್ತು. ಹೇಳಿದ್ರೆ ಅದಕ್ಕೊಂದು ರೇಟು ಕಟ್ಟಿದ ಹಾಗಾಗುತ್ತೆ ಅಂತ ನುಂಗಿಕೊಂಡೆ. ಮಗಳ ನಂಬರ್ ಮಾತ್ರ ತಗೊಂಡೆ. ಹೊರಡುವಾಗ ಅವರು ಗೇಟಿನ ತನಕ ಬಂದ್ರು. ನಗಲಿಲ್ಲ. ಆದ್ರೆ "ಊಟ ಆಯ್ತಾ?" ಅಂತ ಕೇಳಿದ್ರು.

ಮುಂದಿನ ಭಾನುವಾರ ಆ ಮಗಳ ಜೊತೆ ವಿಡಿಯೋ ಕಾಲಲ್ಲಿ ಕೂತು ಎಲ್ಲ ಹೇಳಿಕೊಟ್ಟೆ. ಕಿಟಕಿ ಬೆಳಕಲ್ಲಿ ಫೋಟೋ ತೆಗೀಬೇಕು, ಫ್ಲ್ಯಾಶ್ ಬೇಡ. ಮೊಹರು ಮುಚ್ಚಿಡಬಾರದು, ಮೊದಲೇ ಹೇಳಬೇಕು. ಸೆಲೋಟೇಪ್ ಮಾತ್ರ ಹಚ್ಚಲೇಬಾರದು. ವರ್ಷ ಕಳೆದ ಹಾಗೆ ಹಳದಿಯಾಗಿ ಕಾಗದವನ್ನೇ ತಿನ್ನುತ್ತೆ. ಎರಡು ಗಟ್ಟಿ ರಟ್ಟಿನ ನಡುವೆ, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಸ್ಪೀಡ್ ಪೋಸ್ಟ್ ಮಾಡಬೇಕು. ಎರಡು ವಾರದಲ್ಲಿ ಎಂಟು ಪುಸ್ತಕ ಹೋದವು. ಒಂಬತ್ತನೆಯದಕ್ಕೆ ಉಳಿದವರ ಹಾಗೆ ನಾನೂ ಬೆಲೆ ಕೂಗಿದೆ. 1,400ಕ್ಕೆ ಸಿಕ್ಕಿತು. ಬೆಳಗ್ಗೆ ಬ್ಯಾಗಲ್ಲಿ ಬಿಟ್ಟಿಗೆ ಬಂದಿದ್ದ ಪುಸ್ತಕ!

ಅದನ್ನು ತಗೊಂಡು ತುಮಕೂರಿಗೆ ಹೋದೆ. ಅಪ್ಪ ಕೈ ತೊಳೆದು, ಒರೆಸಿಕೊಂಡು, ಮೊದಲ ಪುಟದಿಂದ ಓದಿದ್ರು. ಮೊಹರಿನ 'ಹರಿದರೆ ದಂಡ' ನೋಡಿ "ಇದನ್ನ ನಿಮ್ಮ ಚಿಕ್ಕಪ್ಪನಿಗೆ ತೋರಿಸಬೇಕು" ಅಂದ್ರು. ನಾನು ಕಾಯ್ತಾ ಕೂತಿದ್ದೆ. ಕೊನೆಯ ನಾಲ್ಕು ಪುಟ ನಿಧಾನಕ್ಕೆ ಓದಿ, ಪುಸ್ತಕ ಮಡಚಿ ತಲೆ ಎತ್ತಿದ್ರು.

"ಇಷ್ಟೇನಾ?"

ನನಗೆ ನಗು ತಡೆಯೋಕಾಗಲಿಲ್ಲ. ಅವರೂ ನಕ್ಕರು. ಆಮೇಲೆ ಎದ್ದು ಹೋಗಿ, ಪುಸ್ತಕವನ್ನು ಟ್ರಂಕಲ್ಲಿಟ್ಟು ಬೀಗ ಹಾಕಿದ್ರು. ಕೀ ನನಗೆ ಕೊಡಲಿಲ್ಲ.