ಮೋ ಇಕ್ಕಾಯ್ ಅಂದ್ರ ಇನ್ನೊಮ್ಮೆ

ಜೂನ್ ತಿಂಗಳು ಬಂತಂದ್ರ ನಮ್ಮ ಧಾರವಾಡದಾಗ ಮಿರಗದ ಮಳಿ ಹೆಂಗ ಹಿಡೀತದೋ, ಜಪಾನಿನಾಗೂ ಹಂಗ ಒಂದು ಮಳಿ ಅದ. ಅದಕ್ಕ ಅವರು ‘ತ್ಸುಯು’ ಅಂತಾರ. ಬರಿಯೋದು ಎರಡು ಅಕ್ಷರದಾಗ, ಒಂದರ ಅರ್ಥ ಪ್ಲಮ್, ಇನ್ನೊಂದರ ಅರ್ಥ ಮಳಿ. ಪ್ಲಮ್ ಹಣ್ಣು ಮಾಗೋ ಹೊತ್ತಿನ ಮಳಿ ಅಂತ. ಹೆಸರೇನೋ ಛಂದ ಅದ ಬಿಡ್ರಿ, ಆದ್ರ ಒಗದ ಅರಬಿ ಒಣಗೂದಿಲ್ಲ, ಹಪ್ಪಳ ಮೆತ್ತಗಾಗ್ತಾವ, ಹುಡುಗರು ಮನಿಯೊಳಗ ಗೋಡಿ ನೋಡ್ಕೋತ ಕೂಡ್ತಾವ.

ಯೊಕೊಹಾಮಾದಾಗ ಇರೋ ಮಗನ ಮನಿಗೆ ಮೂರು ತಿಂಗಳ ಸಲುವಾಗಿ ಹೋಗಿದ್ದೆ. ಮೊಮ್ಮಗಗ ಒಂಬತ್ತು ವರ್ಷ. ಅಲ್ಲೆ ಸಾಲಿ ಶುರುವಾಗೂದು ಏಪ್ರಿಲ್‌ನಾಗ, ಹಿಂಗಾಗಿ ಮಾರ್ಚ್‌ನಾಗ ಹುಬ್ಬಳ್ಳಿ ಸಾಲಿ ಬಿಡಿಸಿ ಕರ್ಕೊಂಡು ಹೋಗಿದ್ರು. ಇಲ್ಲಿದ್ದಾಗ ಅವನ ಧ್ವನಿ ಓಣಿ ತುಂಬ ಕೇಳ್ತಿತ್ತು, ನಿಮಗೆಲ್ಲಾ ಗೊತ್ತಿದ್ದದ್ದ. ಅಲ್ಲೆ ಹೋದ ಮ್ಯಾಲ ಹುಡುಗನ ಬಾಯಿ ಬಂದ್ ಆಗಿಬಿಟ್ಟಿತ್ತು. ಸಾಲಿಯೊಳಗ ಭಾಷಾ ಬರೂದಿಲ್ಲ, ಸುಮ್ಮನ ಕೂಡ್ತಾನ. ಮನಿಗೆ ಬಂದ್ರೂ ಹಂಗ. “ಹೆಂಗಿತ್ತೋ ಸಾಲಿ?” ಅಂದ್ರ “ಛಲೋ ಇತ್ತು” ಅಂತಾನ, ಅಷ್ಟ. ಒಂದು ರಾತ್ರಿ ಸೊಸಿ ಭಾಂಡಿ ತಿಕ್ಕೋತ ತಿಕ್ಕೋತ ಸಣ್ಣ ದನಿಯೊಳಗ ಕೇಳಿದ್ಲು, “ಅತ್ತಿ, ನೀವು ಹೋಗೂಮುಂದ ಇವನ್ನೂ ಹುಬ್ಬಳ್ಳಿಗೆ ಕರ್ಕೊಂಡು ಹೋಗ್ತೀರೇನ್ರಿ?” ಹೆತ್ತಾಕಿ ಬಾಯಿಂದ ಈ ಮಾತು ಬರಬೇಕಂದ್ರ ಒಳಗ ಎಷ್ಟು ಸಂಕಟ ಆಗಿರಬೇಕು! ನನಗ ಹೂಂ ಅನ್ಲಿಕ್ಕೂ ಆಗ್ಲಿಲ್ಲ, ಊಹೂಂ ಅನ್ಲಿಕ್ಕೂ ಆಗ್ಲಿಲ್ಲ.

ಆ ವಾರದ ರವಿವಾರನೂ ಮಳಿ. “ಅವ್ವಾ, ಇವತ್ತ ಸ್ಪೋಚಾಕ್ಕ ಹೋಗೋಣು” ಅಂದ ಮಗ. ಸ್ಪೋಚಾ ಅಂದ್ರ ಸ್ಪೋರ್ಟ್ಸ್ ಮತ್ತ ಚಾಲೆಂಜ್ ಎರಡನ್ನೂ ಕತ್ತರಿಸಿ ಜೋಡಿಸಿದ ಹೆಸರು. ರೌಂಡ್ ಒನ್ ಅನ್ನೋ ಕಂಪನಿಯವರು ನಡಸ್ತಾರ. ಕಟ್ಟಡದ ನೆತ್ತಿಮ್ಯಾಲ ಒಂದು ದೊಡ್ಡ ಬೌಲಿಂಗ್ ಪಿನ್ ನಿಲ್ಲಿಸಿರ್ತಾರ. ನಮ್ಮಲ್ಲೆ ಗುಡಿ ಕಳಸ ದೂರದಿಂದನ ಕಾಣ್ತದಲ್ಲಾ, ಹಂಗ.

ಅಲ್ಲೆ ಟಿಕೀಟು ಆಟಕ್ಕಲ್ಲ, ಹೊತ್ತಿಗೆ. ನಮ್ಮ ಜಾತ್ರಿಯೊಳಗ ತೊಟ್ಟಲಕ್ಕ ಒಂದು ರೊಕ್ಕ, ಕುದರಿಗೆ ಒಂದು ರೊಕ್ಕ ಕೊಡಬೇಕು. ಇಲ್ಲೆ ಮೂರು ತಾಸಿನ ರೊಕ್ಕ ಕೊಟ್ರ ಕೈಗೊಂದು ಪಟ್ಟಿ ಕಟ್ತಾರ, ಆಮ್ಯಾಲ ಬಾಸ್ಕೆಟ್‌ಬಾಲು, ಬ್ಯಾಡ್ಮಿಂಟನ್ನು, ಟೇಬಲ್ ಟೆನಿಸ್ಸು, ಗಾಲಿ ಬೂಟು, ಏನು ಬೇಕಾದ್ದು ಎಷ್ಟು ಸಲ ಬೇಕಾದ್ರೂ ಆಡಬಹುದು. ಹೊರಗಿನ ತಿನಿಸು ಒಳಗ ತರೂಹಂಗಿಲ್ಲ, ಹಿಂಗಾಗಿ ಚಪಾತಿ ಪಲ್ಯ ಮನಿಯೊಳಗ ಮುಗಿಸಿಕೊಂಡ ಹೋಗಿದ್ವಿ. ನಾನು ಸೀರಿ ಮ್ಯಾಲೆತ್ತಿ ಸಿಗಿಸಿ, ಸೊಸಿ ಬೂಟು ಹಾಕ್ಕೊಂಡಿದ್ದೆ. ಯಾರೂ ತಿರುಗಿ ನೋಡ್ಲಿಲ್ಲ ನೋಡ್ರಿ, ಅವರವರ ಆಟ ಅವರವರಿಗೆ!

ಸಣ್ಣ ಸಣ್ಣ ಖೋಲಿಯೊಳಗ ಕರಾವೋಕೆನೂ ಇತ್ತು. ಅದು ಜಪಾನಿನವರದ ಶಬ್ದ. ‘ಕರಾ’ ಅಂದ್ರ ಖಾಲಿ, ‘ಓಕೆ’ ಅಂದ್ರ ಆರ್ಕೆಸ್ಟ್ರಾ ಅನ್ನೋದರ ತುಂಡು. ಆ ಮಷೀನಿನಾಗ ಕನ್ನಡ ಹಾಡು ಹುಡುಕಿ ಹುಡುಕಿ ಸಾಕಾತು. ಕಡೀಕ ಸೊಸಿ ಮಷೀನು ಬಂದ್ ಮಾಡಿ, ಬರೇ ಮೈಕಿನಾಗ ಒಂದು ದಾಸರ ಪದ ಹೇಳಿದ್ಲು. ಆಕಿ ಹಾಡಿದ್ದು ಕೇಳಿ ಎಷ್ಟು ದಿನ ಆಗಿತ್ತೋ!

ಇನ್ನ ಮೊಮ್ಮಗಂದು ಹೇಳ್ತೀನಿ. ಬ್ಯಾಟಿಂಗ್ ಅನ್ನೋದು ಒಂದು ಜಾಳಿಗಿ ಪಂಜರ. ಎದುರಿಗೆ ಮಷೀನು ಚೆಂಡು ಒಗೀತದ. ಅದು ಬೇಸ್‌ಬಾಲ್ ಆಟ, ನಮ್ಮ ಹುಡುಗ ಕ್ರಿಕೆಟ್ಟಿನಾಂವ. ಬ್ಯಾಟು ನೆಲಕ್ಕ ಊರಿ, ಚೆಂಡು ಪುಟಿದು ಬರ್ತದಂತ ಕಾದು ನಿಂತ. ಅದು ಪುಟಿಯೂದ ಇಲ್ಲ, ಸೀದಾ ಎದಿ ಮಟ್ಟಕ್ಕ ಬಂದು ಹಿಂದ ಬಡೀತು. ಒಂದು ಹೋತು, ಎರಡು ಹೋತು, ಐದೂ ಹೋದ್ವು. ಅವನ ಕಿವಿ ಕೆಂಪಗಾಗಿ, ಇನ್ನೇನು ಅಳ್ತಾನ ಅನ್ನೂಹಂಗ ಆತು. ಮಗ ಏಳ್ಲಿಕ್ಕೆ ಹೋದ, ನಾನು ಕೈ ಹಿಡದು ಕೂಡಿಸಿದೆ.

ಪಾಳಿ ಕಾಯ್ತಿದ್ದ ಒಬ್ಬ ಜಪಾನಿ ಹುಡುಗ, ಇವನ ವಾರಗೀನ ಇದ್ದ, ಜಾಳಿಗಿ ಹೊರಗಿಂದ ತನ್ನ ಖಾಲಿ ಕೈ ಹೆಗಲಿನ ಮ್ಯಾಲ ಎತ್ತಿ ತೋರಿಸಿದ. ಬ್ಯಾಟು ಹಿಂಗ ಮ್ಯಾಲ ಹಿಡಿ ಅಂತ. ಇಂವ ಹಿಡದ. ಮುಂದಿನ ಚೆಂಡು ಬ್ಯಾಟಿಗೆ ಸವರಿತು. ಅದರ ಮುಂದಿಂದು ಠಣ್ ಅಂತ ಹೋಗಿ ಎದುರಿನ ಜಾಳಿಗಿಗೆ ಬಡೀತು! ಆ ಹುಡುಗ ಚಪ್ಪಾಳಿ ಹೊಡದ. ಅಷ್ಟರಾಗ ಚೆಂಡು ಮುಗದ್ವು. ಆವಾಗ ನಮ್ಮ ಹುಡುಗ ಓಣಿಯೊಳಗಿನ ತನ್ನ ಹಳೇ ದನಿಯೊಳಗ ಒದರಿದ, “ಮೋ ಇಕ್ಕಾಯ್!”

ಮೋ ಇಕ್ಕಾಯ್ ಅಂದ್ರ ಇನ್ನೊಮ್ಮೆ ಅಂತ. ಅವನ ಬಾಯಿಂದ ಜಪಾನಿ ಮಾತು ನಾನು ಕೇಳಿದ್ದು ಅದ ಮೊದಲು. ಸೊಸಿ ನನ್ನ ಮಾರಿ ನೋಡಿದ್ಲು, ನಾನು ಆಕಿ ಮಾರಿ ನೋಡಿದೆ. ಇಬ್ಬರೂ ಮಾತಾಡ್ಲಿಲ್ಲ.

ಆಮ್ಯಾಲ ಆ ಎರಡೂ ಹುಡುಗರು ನಮ್ಮ ಕೈಗೆ ಸಿಗ್ಲೇ ಇಲ್ಲ. ಹೊಂಡೂಮುಂದ ಬ್ಯಾರೆ ರೊಕ್ಕ ಕೊಟ್ಟು ಒಂದಾಟ ಬೌಲಿಂಗೂ ಆಡಿದ್ವಿ. ಎದುರಿಗೆ ಹತ್ತು ಪಿನ್ನು, ನಡುವ ಸುಮಾರು 18 ಮೀಟರಿನ ನುಣುಪು ಹಲಗಿ. ನನ್ನ ಮೊದಲನೇ ಚೆಂಡು ಪಕ್ಕದ ಗಟಾರಿಗೆ ಬಿತ್ತು, ಎರಡನೇದೂ ಅಲ್ಲೇ. “ಮೋ ಇಕ್ಕಾಯ್, ಅಜ್ಜಿ!” ಅಂದ ಮೊಮ್ಮಗ. ಮುಂದಿನ ಪಾಳಿಯೊಳಗ ನಾಕು ಪಿನ್ನು ಕೆಡವಿದೆ. ಹೋಳಿಗಿ ಸಲುವಾಗಿ ವರ್ಷಾನುಗಟ್ಟಲೆ ಹೂರಣ ರುಬ್ಬಿದ ರಟ್ಟಿ, ಏನ್ ಅಂದ್ಕೊಂಡೀರಿ?

ಒಂದ ದಿನದಾಗ ಎಲ್ಲಾ ಸರಿ ಆತಂತ ನಾನು ಹೇಳೂದಿಲ್ಲ. ಸೋಮವಾರ ಸಾಲಿಗೆ ಹೋಗೂಮುಂದ ಮಾರಿ ಮತ್ತ ಸಣ್ಣದ ಇತ್ತು. ಆದ್ರ ಸಂಜಿಗೆ ಬಂದಾಂವ “ಸಾಲಿಯೊಳಗೂ ಬೇಸ್‌ಬಾಲ್ ಆಡ್ತಾರಂತ” ಅಂತ ತಾನಾಗಿ ಒಂದು ಮಾತು ಆಡಿದ. ಮರುದಿನ ಎರಡು ಮಾತು ಆಡಿದ. ಹುಬ್ಬಳ್ಳಿಗೆ ಕಳಸೋ ಮಾತು ಸೊಸಿ ಮತ್ತ ಎತ್ತಲಿಲ್ಲ, ನಾನೂ ಕೆದಕಲಿಲ್ಲ.

ಆಗಸ್ಟಿನಾಗ ನಾನು ಒಬ್ಬಾಕಿನ ವಿಮಾನ ಹತ್ತಿ ಬಂದೆ. ಮೊನ್ನೆ ವಿಡಿಯೊ ಕಾಲ್ ಹಚ್ಚಿದ್ರ, “ಅಜ್ಜಿ, ನಾಳೆ ಮಾತಾಡೋಣು, ಗೆಳ್ಯಾರು ಕೆಳಗ ಕಾಯ್ಲಿಕತ್ತಾರ” ಅಂತ ಫೋನು ಸೀದಾ ಅವ್ವನ ಕೈಯಾಗ ಕೊಟ್ಟು ಓಡಿದ. ನನಗ ಒಂಚೂರೂ ಸಿಟ್ಟು ಬರ್ಲಿಲ್ಲ ನೋಡ್ರಿ.